ಮರದ ಸ್ಟೇಷನ್ ಕಿಟ್: ಮೊದಲು ಬಣ್ಣ, ಆಮೇಲೆ ಜೋಡಣೆ

ಆಟದ ರೈಲಿನ ಹಳಿಯ ಪಕ್ಕಕ್ಕೆ ಇಡಲು ತುಂಡುಗಳನ್ನು ಜೋಡಿಸಿ ಕಟ್ಟುವ ಪುಟ್ಟ ರೈಲ್ವೆ ಸ್ಟೇಷನ್, ಅದರ ಕಿಟ್ ಇದು. ಇದರಲ್ಲಿ ಮರ ಚೆನ್ನಾಗಿದೆ. ಲೇಸರ್‌ನಲ್ಲಿ ಕತ್ತರಿಸಿರುವುದು ಇನ್ನೂ ಚೆನ್ನಾಗಿದೆ. ಸೂಚನೆಯ ಹಾಳೆ ಮಾತ್ರ ಸಾಲದು. ಮರದ ಕೆಲಸ ಗೊತ್ತಿರುವವರು ಯೋಚನೆ ಮಾಡದೆ ಕೊಳ್ಳಬಹುದು. ಗೊತ್ತಿಲ್ಲದವರು ಇದನ್ನು ಪೂರ್ತಿ ಓದಿ ಆಮೇಲೆ ಕೊಳ್ಳಿ. ಆ ಹಾಳೆಯಲ್ಲಿ ಇರಬೇಕಾಗಿದ್ದ ಮಾತುಗಳನ್ನೇ ನಾನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದವನು. ಐಟಿಐಯಲ್ಲಿ ಹುಡುಗರಿಗೆ ಮರಗೆಲಸ ಕಲಿಸಿ ನಿವೃತ್ತನಾದೆ. ಈಗ ಪೆನ್ಸಿಲ್ವೇನಿಯಾದಲ್ಲಿ ಮಗಳ ಮನೆಯಲ್ಲಿದ್ದೇನೆ. ಅಳಿಯನಿಗೆ ಪುಟ್ಟ ರೈಲುಗಳ ಹುಚ್ಚು. ನೆಲಮಾಳಿಗೆಯಲ್ಲಿ ಪ್ಲೈವುಡ್ ಮೇಜಿನ ಮೇಲೆ ಹಳಿ ಹಾಕಿದ್ದಾನೆ, ಗುಡ್ಡ ಮಾಡಿದ್ದಾನೆ, ಸೇತುವೆ ಕಟ್ಟಿದ್ದಾನೆ. ಹಳಿಯ ಪಕ್ಕಕ್ಕೆ ಒಂದು ಸ್ಟೇಷನ್ ಬೇಕು ಅಂತ ಈ ಕಿಟ್ ತರಿಸಿದ. "ಮಾವ, ಇದನ್ನು ನೀವೇ ಕಟ್ಟಬೇಕು" ಅಂದ. ಚಳಿಗಾಲದಲ್ಲಿ ಮನೆಯೊಳಗೇ ಇರುವವನಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದಿದೆ? ಕಿಟಕಿಗಳಿಗೆ ಬಣ್ಣ ಹಾಕಿದ್ದು ಮೊಮ್ಮಗಳು.

ಇಂಥ ಕಿಟ್ ಮಾಡುವ ಸಣ್ಣ ಕಂಪನಿಗಳು ಈ ದೇಶದಲ್ಲಿ ಹಲವಿವೆ. ಪೆಟ್ಟಿಗೆಯೊಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಹಾಗಾಗಿ ಹೆಸರು ಬಿಟ್ಟು ಕೆಲಸದ ಬಗ್ಗೆ ಹೇಳುತ್ತೇನೆ.

ಕಟ್ಟಡ ಯಾವುದು ಅಂದರೆ, ನೂರು ನೂರಿಪ್ಪತ್ತು ವರ್ಷದ ಹಿಂದೆ ಅಮೆರಿಕದ ಸಣ್ಣ ಊರುಗಳಲ್ಲಿ ಇರುತ್ತಿದ್ದ ಮರದ ಸ್ಟೇಷನ್. ಒಂದು ತುದಿಯಲ್ಲಿ ಪ್ರಯಾಣಿಕರು ಕೂರುವ ಕೋಣೆ, ಇನ್ನೊಂದು ತುದಿಯಲ್ಲಿ ಸರಕಿನ ಕೋಣೆ, ನಡುವೆ ಸ್ಟೇಷನ್ ಏಜೆಂಟನ ಕಚೇರಿ. ಆ ಕಚೇರಿಯ ಕಿಟಕಿ ಹಳಿಯ ಕಡೆಗೆ ಮುಂದೆ ಚಾಚಿಕೊಂಡಿರುತ್ತದೆ. ಅದು ಚಂದಕ್ಕೆ ಮಾಡಿದ್ದಲ್ಲ. ಏಜೆಂಟನೇ ತಂತಿ ಕಳಿಸುವವನೂ ಆಗಿರುತ್ತಿದ್ದ. ಟೆಲಿಗ್ರಾಫ್ ಮೇಜಿನಿಂದ ಏಳದೆ ಹಳಿಯ ಎರಡೂ ದಿಕ್ಕು ಅವನಿಗೆ ಕಾಣಬೇಕಿತ್ತು. ನಮ್ಮ ಮಲೆನಾಡಿನ ಹಳೆಯ ಸ್ಟೇಷನ್‌ಗಳಿಗೆ ಹೆಂಚಿನ ಮಾಡು, ಕಲ್ಲು ಇಟ್ಟಿಗೆಯ ಗೋಡೆ. ನಮ್ಮ ಮಳೆ, ನಮ್ಮ ಗೆದ್ದಲಿಗೆ ಅದೇ ಸರಿ. ಇಲ್ಲಿ ಮರ ಅಗ್ಗವಾಗಿ, ಬೇಕಾದಷ್ಟು ಸಿಗುತ್ತಿತ್ತು. ಗೋಡೆಯೂ ಮರ, ಮಾಡಿನ ಹೊದಿಕೆಯೂ ಮರದ ಚಕ್ಕೆ. ಆದ್ದರಿಂದ ಈ ಕಟ್ಟಡದ ಮಾದರಿಯನ್ನು ಮರದಲ್ಲೇ ಮಾಡಿದರೆ ಅದಕ್ಕೊಂದು ಅರ್ಥವಿದೆ. ಪ್ಲಾಸ್ಟಿಕ್ ಕಿಟ್‌ಗಳನ್ನೂ ನೋಡಿದ್ದೇನೆ. ಅಚ್ಚು ಚೆನ್ನಾಗಿರುತ್ತದೆ, ಬೇಗ ಮುಗಿಯುತ್ತದೆ. ಆದರೆ ಬಣ್ಣದ ಅಡಿಯಿಂದ ಮರದ ಎಳೆ ಕಾಣುವುದು ಮರದಲ್ಲಿ ಮಾತ್ರ.

ಅಳತೆ ಎಚ್‌ಒ. ಅಂದರೆ 87ಕ್ಕೆ 1. ನಿಜವಾದ ಕಟ್ಟಡದ 1 ಅಡಿ ಇಲ್ಲಿ 3.5 ಮಿಲಿಮೀಟರ್. 7 ಅಡಿ ಬಾಗಿಲು 24.5 ಮಿಲಿಮೀಟರ್ ಆಗುತ್ತದೆ. ನಮ್ಮಂಥ ಆಳು ಸುಮಾರು 20 ಮಿಲಿಮೀಟರ್. ಈ ಲೆಕ್ಕ ತಲೆಯಲ್ಲಿ ಇಟ್ಟುಕೊಂಡರೆ ಬಹಳ ಅನುಕೂಲ. ಬಣ್ಣದ ಕೋಟು ದಪ್ಪ ಆಯಿತು ಅಂದುಕೊಳ್ಳಿ, ಕಾಲು ಮಿಲಿಮೀಟರ್ ಆದರೂ ಅದು ನಿಜವಾದ ಗೋಡೆಯ ಮೇಲೆ ಮುಕ್ಕಾಲು ಇಂಚಿಗಿಂತ ಜಾಸ್ತಿ ದಪ್ಪದ ಬಣ್ಣ! ಹಲಗೆಯ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಅದಕ್ಕೇ ಈ ಕೆಲಸದಲ್ಲಿ ಎಲ್ಲವೂ ತೆಳುವಾಗಿ ಆಗಬೇಕು. ಬಣ್ಣ ತೆಳು, ಅಂಟು ತೆಳು.

ಮರ ಬಾಸ್‌ವುಡ್. ಇಲ್ಲಿನ ಲಿಂಡೆನ್ ಜಾತಿಯ ಮರ. ತಿಳಿ ಬಣ್ಣ, ಮೆದು, ಎಳೆ ಬಹಳ ಸಣ್ಣ, ಗಂಟು ಇಲ್ಲ. ಚನ್ನಪಟ್ಟಣದಲ್ಲಿ ಗೊಂಬೆಗೆ ಬಳಸುವ ಹಾಲೆ ಮರ ಕೈಯಲ್ಲಿ ಹಿಡಿದವರಿಗೆ ಇದು ಎಂಥದ್ದು ಅಂತ ಅಂದಾಜಾಗುತ್ತದೆ. ಬಾಲ್ಸಾ ಅನ್ನುವ ಹಗುರ ಮರ ಅಲ್ಲ. ಬಾಲ್ಸಾ ಉಗುರು ತಾಗಿದರೆ ತಗ್ಗು ಬೀಳುತ್ತದೆ, ಉಜ್ಜಿದರೆ ನವಿರು ನವಿರಾಗಿ ಏಳುತ್ತದೆ. ಬಾಸ್‌ವುಡ್ ಬ್ಲೇಡಿಗೆ ಸರಿಯಾಗಿ ಬಗ್ಗುತ್ತದೆ, ಅಂಚು ನಿಲ್ಲುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ಬಂದ ಗೋಡೆಯ ಹಾಳೆಗಳು ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ. ಒಂದರ ಮೇಲೊಂದು ಅಂಚು ಹತ್ತಿಸಿದ ಅಡ್ಡ ಹಲಗೆಗಳ ಹಾಗೆ ಮೇಲ್ಮೈ ಕೆತ್ತಿದ್ದಾರೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಒಂದು ಗೆರೆಯೂ ತಪ್ಪಿಲ್ಲ. ಹಲಗೆಗೆ ಮೊಳೆ ಹೊಡೆದ ಗುರುತನ್ನೂ ಲೇಸರ್‌ನಲ್ಲೇ ಹಾಕಿದ್ದಾರೆ. ಆ ಗುರುತುಗಳು ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿ ಬರುತ್ತವೆ. ನಿಜವಾದ ಗೋಡೆಯಲ್ಲಿ ಒಳಗಿನ ಕಂಬಕ್ಕೆ ತಾನೇ ಮೊಳೆ ಹೊಡೆಯುವುದು? ಅದನ್ನು ತಿಳಿದು ಮಾಡಿದವರಿಗೆ ನನ್ನ ನಮಸ್ಕಾರ.

ಈಗ ಮುಖ್ಯ ವಿಷಯ.

ಮರ ನೀರು ಕುಡಿದರೆ ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ. ಉದ್ದಕ್ಕೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಇದನ್ನು ಮೊದಲ ವರ್ಷದ ಹುಡುಗರಿಗೆ ಮೊದಲ ತಿಂಗಳಲ್ಲೇ ಹೇಳಿಕೊಡುತ್ತಿದ್ದೆ. ಒಂದೂವರೆ ಮಿಲಿಮೀಟರಿನ ಹಾಳೆಯ ಒಂದು ಮುಖಕ್ಕೆ ಮಾತ್ರ ನೀರಿನ ಬಣ್ಣ ಬಳಿದರೆ ಏನಾಗುತ್ತದೆ? ಒದ್ದೆಯಾದ ಮುಖ ಅಗಲವಾಗುತ್ತದೆ, ಹಿಂದಿನ ಮುಖ ಇದ್ದ ಹಾಗೇ ಇರುತ್ತದೆ, ಗೋಡೆ ಬಾಗುತ್ತದೆ. ಬಾಗಿದ ಗೋಡೆಯನ್ನು ಎಳೆದು ಅಂಟಿಸಿದರೆ ಆ ಹೊತ್ತಿಗೆ ನಿಲ್ಲಬಹುದು. ಋತು ಬದಲಾದಾಗ ಮೂಲೆ ಬಿಡುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಚಳಿಗಾಲಕ್ಕೆ ಹೀಟರ್ ಹಾಕಿ ಮನೆಯೊಳಗೆ ಗಾಳಿ ಒಣಗಿರುತ್ತದೆ, ಬೇಸಿಗೆಯಲ್ಲಿ ನೆಲಮಾಳಿಗೆ ತೇವ. ನಮ್ಮ ಕಡೆ ಮಳೆಗಾಲದಲ್ಲಿ ಬಾಗಿಲು ಬಿಗಿದುಕೊಳ್ಳುವುದು ನೆನಪಿದೆಯಲ್ವಾ, ಕಾರಣ ಅದೇ.

ಸೂಚನೆಯ ಹಾಳೆಯಲ್ಲಿ ಇದಕ್ಕೆ ಇರುವುದು ಒಂದೇ ಸಾಲು: ನಿಮಗೆ ಬೇಕಾದ ಬಣ್ಣ ಬಳಿಯಿರಿ. ಪೆಟ್ಟಿಗೆಯಲ್ಲಿ ಮೂರು ಮಿಲಿಮೀಟರಿನ ಚೌಕ ಮರದ ಕಡ್ಡಿಗಳನ್ನೇನೋ ಕೊಟ್ಟಿದ್ದಾರೆ. ಅವು ಗೋಡೆಯ ಹಿಂಭಾಗಕ್ಕೆ ಆಸರೆ ಕಟ್ಟುವುದಕ್ಕೆ. ಎಲ್ಲಿ ಅಂಟಿಸಬೇಕು, ಯಾಕೆ ಅಂಟಿಸಬೇಕು, ಬಣ್ಣಕ್ಕೆ ಮೊದಲೋ ಆಮೇಲೋ, ಒಂದೂ ಹೇಳಿಲ್ಲ. ಮೊದಲ ಸಲ ಕಟ್ಟುವವರು ಅವನ್ನು ಉಳಿದ ಸಾಮಾನು ಅಂತ ಪಕ್ಕಕ್ಕೆ ಇಡುವ ಸಾಧ್ಯತೆ ಇದೆ. ಇದು ನನಗೆ ಬೇಸರ ತಂದ ವಿಷಯ. ಇಷ್ಟು ಒಳ್ಳೆಯ ಮರ ಕೊಟ್ಟು, ಅದನ್ನು ಕಾಪಾಡುವ ಎರಡು ಮಾತು ಹೇಳದಿದ್ದರೆ ಹೇಗೆ?

ನಾನು ಮಾಡಿದ ಕ್ರಮ ಹೀಗಿದೆ. ಗೋಡೆಯನ್ನು ಮರದ ಹಾಳೆಯಿಂದ ಬಿಡಿಸಿದ ಕೂಡಲೇ ಹಿಂಭಾಗಕ್ಕೆ ಆಸರೆ ಕಡ್ಡಿ. ಕಡ್ಡಿ ಯಾವಾಗಲೂ ಎಳೆಗೆ ಅಡ್ಡವಾಗಿರಬೇಕು. ಇಲ್ಲಿ ಹಲಗೆ ಮಲಗಿದೆ, ಎಳೆಯೂ ಮಲಗಿದೆ, ಹಾಗಾಗಿ ಕಡ್ಡಿ ನಿಂತಿರಬೇಕು. ಎರಡು ಕಿಟಕಿಗಳ ನಡುವೆ ಒಂದೊಂದು, ಮೂಲೆಗಳ ಹತ್ತಿರ ಒಂದೊಂದು. ಮೂಲೆಯ ಕಡ್ಡಿಯನ್ನು ಗೋಡೆಯ ತುದಿಗೆ ಸರಿಯಾಗಿ ಕೂರಿಸಬೇಡಿ. ಪಕ್ಕದ ಗೋಡೆಯ ದಪ್ಪದಷ್ಟು ಒಳಗೆ ಬಿಡಿ, ಇಲ್ಲದಿದ್ದರೆ ಮೂಲೆ ಕೂಡುವುದಿಲ್ಲ. ಅಂಟು ಹಾಕಿ, ಮೇಲೆ ಮೇಣದ ಕಾಗದ ಹರಡಿ, ದಪ್ಪ ಪುಸ್ತಕ ಹೇರಿ ಒಂದು ರಾತ್ರಿ ಬಿಡಿ.

ಆಮೇಲೆ ಅರಗು, ಅಂದರೆ ಶೆಲ್ಯಾಕ್. ನಾವು ಫ್ರೆಂಚ್ ಪಾಲಿಶ್‌ಗೆ ಬಳಸುವ ಅರಗೇ ಇದು. ಅಂಗಡಿಯಲ್ಲಿ ಮೇಣ ತೆಗೆದ ಅರಗು ಸ್ಪಿರಿಟ್‌ನಲ್ಲಿ ಕರಗಿಸಿಟ್ಟ ಡಬ್ಬ ಸಿಗುತ್ತದೆ. ಅದಕ್ಕೆ ಇನ್ನಷ್ಟು ಸ್ಪಿರಿಟ್ ಬೆರೆಸಿ ತೆಳು ಮಾಡಿ, ಗೋಡೆಯ ಎರಡೂ ಮುಖಕ್ಕೆ ಒಂದು ಕೈ ಬಳಿದೆ. ಸ್ಪಿರಿಟ್ ಕ್ಷಣದಲ್ಲಿ ಹಾರಿಹೋಗುತ್ತದೆ, ಮರಕ್ಕೆ ನೀರು ತಾಗುವುದೇ ಇಲ್ಲ. ಒಣಗಿದ ಮೇಲೆ 400ರ ಸ್ಯಾಂಡ್ ಪೇಪರಿನಿಂದ ಎಳೆಯ ಉದ್ದಕ್ಕೆ ಹಗುರಾಗಿ ಒಂದೆರಡು ಸಲ ಎಳೆದರೆ ಎದ್ದ ನವಿರು ಹೋಗುತ್ತದೆ. ಇದಾದ ಮೇಲೆ ಅಕ್ರಿಲಿಕ್ ಬಣ್ಣ ಎಷ್ಟು ಚೆನ್ನಾಗಿ ಕೂರುತ್ತದೆ ಅಂದರೆ, ಅಳಿಯ ಬಂದು ಸ್ಪ್ರೇ ಮಾಡಿದ್ದೀರಾ ಅಂತ ಕೇಳಿದ. ಅಂಟು ಹತ್ತಬೇಕಾದ ಅಂಚುಗಳಿಗೆ ಮಾತ್ರ ಅರಗು, ಬಣ್ಣ ಎರಡೂ ತಾಗಬಾರದು. ಅಂಟು ಹಿಡಿಯಬೇಕಾದದ್ದು ಮರವನ್ನು, ಬಣ್ಣವನ್ನಲ್ಲ. ಬಣ್ಣದ ಮೇಲೆ ಅಂಟಿಸಿದ ಮೂಲೆ ಬಣ್ಣದ ಸಮೇತ ಕಿತ್ತು ಬರುತ್ತದೆ.

ಡಬ್ಬಿ ಸ್ಪ್ರೇ ಬೇಡವೇ ಅಂತ ಕೇಳಬಹುದು. ಒಳ್ಳೆಯದೇ, ತೆಳುವಾಗಿ ಬರುತ್ತದೆ. ಆದರೆ ಹೊರಗೆ ಹಿಮ ಬೀಳುವಾಗ ಅದು ಸರಿಯಾಗಿ ಒಣಗುವುದಿಲ್ಲ. ನೆಲಮಾಳಿಗೆಯಲ್ಲಿ ಗ್ಯಾಸ್ ಹೀಟರಿನ ಉರಿ ಇರುತ್ತದೆ. ಆ ಉರಿ ಇರುವ ಕಡೆ ಸ್ಪ್ರೇ ಮಾಡುವುದು ಅಪಾಯ, ದಯವಿಟ್ಟು ಮಾಡಬೇಡಿ. ಸ್ಪಿರಿಟ್ ವಿಷಯದಲ್ಲೂ ಅಷ್ಟೇ. ನಾನು ಅರಗಿನ ಕೆಲಸವನ್ನೆಲ್ಲ ಮೇಲೆ, ಕಿಟಕಿ ತೆರೆದ ಕೋಣೆಯಲ್ಲಿ ಮಾಡಿದೆ.

ಬಣ್ಣ ಆರಿಸುವುದು ಇಲ್ಲಿ ಒಂದು ಸಂತೋಷ. ಆಗ ಅಮೆರಿಕದಲ್ಲಿ ರೈಲು ಕಂಪನಿಗಳು ಖಾಸಗಿ, ಒಂದೊಂದಕ್ಕೂ ತನ್ನದೇ ಬಣ್ಣ ಇತ್ತು. ಮಿಲ್ವಾಕೀ ರೋಡ್ ಅನ್ನುವ ಕಂಪನಿಯ ಸ್ಟೇಷನ್‌ಗಳು ಕಿತ್ತಳೆ, ಅಂಚಿಗೆ ಗಾಢ ಕೆಂಗಂದು ಇರುತ್ತಿತ್ತು. ಸದರ್ನ್ ಪೆಸಿಫಿಕ್ ಕಂಪನಿಯವು ಹಳದಿ, ಅಂಚಿಗೆ ಕಂದು. ಊರಿಗೆ ಹೊಸಬ ಬಂದರೂ ಬಣ್ಣ ನೋಡಿ ಇದು ಯಾರ ಲೈನು ಅಂತ ಹೇಳಬಹುದಿತ್ತು. ಅಳಿಯನ ಮೇಜಿನ ಮೇಲೆ ಯಾವ ಕಂಪನಿಯ ಲೈನೂ ಇಲ್ಲ, ಊರೂ ಕಲ್ಪನೆಯದು. ಮನೆಯವರೆಲ್ಲ ಕೂತು ಮಾತಾಡಿ ಹಳದಿ ಮತ್ತು ಕಂದು ಆರಿಸಿದೆವು. ತಿಳಿ ಗೋಡೆಗೆ ಗಾಢ ಅಂಚು ಆರಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಲೇಸರ್ ಅಂದರೆ ಮರವನ್ನು ಸುಟ್ಟು ಕತ್ತರಿಸುವುದು. ಪ್ರತಿ ತುಂಡಿನ ಅಂಚೂ ಕಂದಾಗಿ ಕರಟಿರುತ್ತದೆ. ಬಿಳಿ ಬಳಿದರೆ ಆ ಕರಿ ಗೆರೆ ಇಣುಕುತ್ತದೆ, ಎರಡು ಮೂರು ಕೋಟು ಬೇಕಾಗುತ್ತದೆ. ಕಂದು ಬಳಿದರೆ ಕಾಣುವುದೇ ಇಲ್ಲ. ಅಂಟು ಹತ್ತುವ ಅಂಚಿನಲ್ಲಿ ಮಾತ್ರ ಆ ಕರಟನ್ನು ಉಜ್ಜಿ ತೆಗೆಯಲೇಬೇಕು. ಸುಟ್ಟ ಮರದ ಮೇಲೆ ಅಂಟಿಗೆ ಪೂರ್ತಿ ಹಿಡಿತ ಸಿಗುವುದಿಲ್ಲ.

ಕಿಟಕಿಗಳ ಬಗ್ಗೆ ಎಷ್ಟು ಹೊಗಳಿದರೂ ಕಡಿಮೆ. ಹೊರ ಚೌಕಟ್ಟು ಒಂದು ಪದರ, ಮೇಲಿನ ಗಾಜಿನ ಚೌಕಟ್ಟು ಇನ್ನೊಂದು, ಕೆಳಗಿನದು ಮತ್ತೊಂದು, ಕೊನೆಗೆ ಪಾರದರ್ಶಕ ಹಾಳೆ. ಎಲ್ಲದರ ಹಿಂದೆಯೂ ಸ್ಟಿಕ್ಕರಿನಂತೆ ಅಂಟು ಇದೆ. ಮೇಲೆ ಕೆಳಗೆ ಜಾರುವ ಕಿಟಕಿಯಲ್ಲಿ ಕೆಳಗಿನ ಚೌಕಟ್ಟು ಒಳಗಡೆ ಇರುತ್ತದಲ್ವಾ, ಇಲ್ಲೂ ಹಾಗೇ ಕೂರುತ್ತದೆ. ಕೆಳಗಿನದನ್ನು ಸ್ವಲ್ಪ ಮೇಲೆ ಸರಿಸಿ ಅಂಟಿಸಿದರೆ ಕಿಟಕಿ ತೆರೆದಂತೆ ಕಾಣುತ್ತದೆ. ಮೊಮ್ಮಗಳು ಏಜೆಂಟನ ಕಚೇರಿಯ ಕಿಟಕಿ ಹಾಗೆ ಮಾಡಿದ್ದಾಳೆ. "ಅಜ್ಜ, ಅವನಿಗೆ ಸೆಖೆ ಆಗುತ್ತೆ" ಅಂದಳು. ಹಾಳೆಯಲ್ಲಿ ಇರುವಾಗಲೇ ಬಣ್ಣ ಹಾಕಿಬಿಡಿ, ಬಿಡಿಸಿದ ಮೇಲೆ ಅಷ್ಟು ಸಣ್ಣ ತುಂಡನ್ನು ಹಿಡಿಯಲಾಗುವುದಿಲ್ಲ. ಕುಂಚದಲ್ಲಿ ಬಣ್ಣ ಕಡಿಮೆ ಇರಲಿ. ಜಾಸ್ತಿ ಆದರೆ ಅಂಚಿನಿಂದ ಒಳಗಿಳಿದು ಅಂಟಿನ ಪದರ ಸಡಿಲಾಗುತ್ತದೆ. ನಮ್ಮದರಲ್ಲಿ ಒಂದೆರಡು ಚೌಕಟ್ಟಿನ ಮೂಲೆ ತಾನಾಗೇ ಹಿಡಿಯಲಿಲ್ಲ. ಹಲ್ಲುಕಡ್ಡಿಯ ತುದಿಯಲ್ಲಿ ಬಿಳಿ ಅಂಟು ಮುಟ್ಟಿಸಿದ ಮೇಲೆ ನಿಂತಿತು. ಪಾರದರ್ಶಕ ಹಾಳೆಯ ಹತ್ತಿರ ಫೆವಿಕ್ವಿಕ್ ಥರದ ಅಂಟು ತರಲೇಬೇಡಿ. ಅದರ ಹಬೆಗೆ ಪ್ಲಾಸ್ಟಿಕ್ ಬೆಳ್ಳಗೆ ಮಂಜಾಗುತ್ತದೆ, ಮತ್ತೆ ತಿಳಿಯಾಗುವುದಿಲ್ಲ.

ಜೋಡಣೆ ಸುಲಭ. ಮಾಮೂಲಿ ಮರದ ಅಂಟು ಸಾಕು. ಇಲ್ಲಿ ಟೈಟ್‌ಬಾಂಡ್ ಸಿಗುತ್ತದೆ, ಊರಲ್ಲಿ ಫೆವಿಕಾಲ್. ನಾಲ್ಕು ಗೋಡೆಯನ್ನು ಒಟ್ಟಿಗೆ ನಿಲ್ಲಿಸಲು ಹೋಗಬೇಡಿ. ಎರಡೆರಡು ಗೋಡೆ ಸೇರಿಸಿ ಎರಡು ಮೂಲೆ ಮಾಡಿಕೊಳ್ಳಿ. ಮೂಲೆಮಟ್ಟಕ್ಕೆ ಒತ್ತಿ ಹಿಡಿದು ಒಣಗಲು ಬಿಡಿ. ಆಮೇಲೆ ಆ ಎರಡು ಮೂಲೆಗಳನ್ನು ಸೇರಿಸಿ, ಅಂಟು ಹಸಿ ಇರುವಾಗಲೇ ಎದುರುಬದುರು ಮೂಲೆಗಳ ಅಳತೆ ತೆಗೆಯಿರಿ. ಎರಡೂ ಅಳತೆ ಒಂದೇ ಬಂದರೆ ಕಟ್ಟಡ ಚೌಕ ನಿಂತಿದೆ ಅಂತ ಅರ್ಥ. ಮನೆಯ ಪಾಯ ಹಾಕುವಾಗ ಮೇಸ್ತ್ರಿ ದಾರ ಕಟ್ಟಿ ನೋಡುವುದೂ ಇದನ್ನೇ. ಲೇಸರ್ ಕಡಿತ ಎಷ್ಟು ನಿಖರ ಅಂದರೆ ನಮಗೆ ಎಲ್ಲೂ ಉಜ್ಜಿ ಸರಿಮಾಡುವ ಪ್ರಸಂಗ ಬರಲಿಲ್ಲ. ಚಾಚಿದ ಕಿಟಕಿಯ ಓರೆ ಮೂಲೆ ಕೂಡ ಸಂದಿಲ್ಲದೆ ಕೂಡಿತು. ಅಲ್ಲಿ ಎರಡು ತುಂಡಿನ ಅಂಚನ್ನೂ ನಾವೇ ಓರೆ ಉಜ್ಜಬೇಕಾಗುತ್ತದೆ ಅಂದುಕೊಂಡಿದ್ದೆ. ಅವರು ಒಳಗೊಂದು ಅಚ್ಚು ಕೊಟ್ಟು ಆ ಕೆಲಸ ತಪ್ಪಿಸಿದ್ದಾರೆ.

ಮಾಡಿನ ಕೆಲಸಕ್ಕೆ ತಾಳ್ಮೆ ಬೇಕು. ದಪ್ಪ ರಟ್ಟಿನ ಮಾಡು, ಅದರ ಮೇಲೆ ಚಕ್ಕೆಗಳ ಉದ್ದುದ್ದ ಪಟ್ಟಿ ಅಂಟಿಸುತ್ತಾ ಹೋಗಬೇಕು. ಮಲೆನಾಡಿನಲ್ಲಿ ಹೆಂಚು ಹೊದಿಸುವುದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ, ಸೂರಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೇಲಿನ ಸಾಲು ಕೆಳಗಿನ ಸಾಲಿನ ಅರ್ಧ ಮುಚ್ಚಬೇಕು. ಕೆಳಗಿನ ಸಾಲಿನ ಸಂದು ಮೇಲಿನ ಸಾಲಿನ ಚಕ್ಕೆಯ ನಡುವಿಗೆ ಬರಬೇಕು. ಮಾಡಿನ ರಟ್ಟಿನ ಮೇಲೆ ಗೆರೆ ಮುದ್ರಿಸಿದ್ದಾರೆ, ಆದರೂ ಪ್ರತಿ ನಾಲ್ಕೈದು ಸಾಲಿಗೊಮ್ಮೆ ಅಳತೆಪಟ್ಟಿ ಇಟ್ಟು ನೋಡುವುದು ಒಳ್ಳೆಯದು. ರಟ್ಟಿನ ಅಡಿಗೂ ಒಂದು ಕೈ ಅರಗು ಬಳಿಯಿರಿ, ಗೋಡೆಗೆ ಹೇಳಿದ ಕಾರಣಕ್ಕೇ. ಚಕ್ಕೆಯ ಪಟ್ಟಿ ಲೆಕ್ಕಕ್ಕೆ ಸರಿಯಾಗಿ ಕೊಟ್ಟಿದ್ದಾರೆ. ಒಂದು ಪಟ್ಟಿ ಹರಿದರೆ ಮತ್ತೊಂದು ಇಲ್ಲ. ಒಂದಿಷ್ಟು ಜಾಸ್ತಿ ಹಾಕಬಹುದಿತ್ತು.

ಸೂರಿನ ಅಡಿಗೆ ಪಕಾಸಿನ ತುದಿಗಳೂ, ಮಾಡನ್ನು ಹೊತ್ತ ಓರೆ ಬ್ರಾಕೆಟ್‌ಗಳೂ ಬರುತ್ತವೆ. ಅವನ್ನು ಒಂದೊಂದಾಗಿ ಅಂಟಿಸಿದ ಮೇಲೆ ಕಟ್ಟಡಕ್ಕೆ ತೂಕ ಬರುತ್ತದೆ. ಮಾದರಿಯಲ್ಲಿ ಯಾರೂ ಬಗ್ಗಿ ನೋಡದ ಜಾಗ ಅದು. ಅಲ್ಲೂ ಪೂರ್ತಿ ಕೊಟ್ಟಿದ್ದಾರೆ.

ಹಳತಾದಂತೆ ಕಾಣಿಸುವ ಕೆಲಸಕ್ಕೆ ಇಲ್ಲಿನವರು ಇಂಡಿಯಾ ಇಂಕ್ ಅನ್ನುವ ಕಪ್ಪು ಶಾಯಿ ಬಳಸುತ್ತಾರೆ. ಅರ್ಧ ಲೀಟರ್ ಐಸೊಪ್ರೊಪೈಲ್ ಆಲ್ಕೊಹಾಲಿಗೆ ಒಂದೆರಡು ಟೀ ಚಮಚ ಇಂಕ್. ಇದನ್ನು ತೆಳುವಾಗಿ ಹಾಯಿಸಿದರೆ ಹಲಗೆಯ ಗೆರೆಗಳಲ್ಲಿ ಕಪ್ಪು ನಿಂತು ನೆರಳು ಮೂಡುತ್ತದೆ. ಬಣ್ಣ ಪೂರ್ತಿ ಒಣಗಿ ಗಟ್ಟಿಯಾಗಿರಬೇಕು, ಒಂದೇ ಸಲ ಹಾಯಿಸಿ ಬಿಡಬೇಕು. ಮತ್ತೆ ಮತ್ತೆ ಉಜ್ಜಿದರೆ ಆಲ್ಕೊಹಾಲಿಗೆ ಅಕ್ರಿಲಿಕ್ ಬಣ್ಣವೂ ಏಳುತ್ತದೆ, ಅಡಿಯ ಅರಗೂ ಕರಗುತ್ತದೆ. ಬಣ್ಣವಿಲ್ಲದೆ ಬೂದುಬಣ್ಣಕ್ಕೆ ತಿರುಗಿದ ಮರ ಬೇಕಾದ ಕಡೆ, ಅಂದರೆ ಸರಕಿನ ಕಟ್ಟೆಯ ಹಲಗೆಗೆ, ಅರಗು ಹಾಕದೆ ನೇರ ಇಂಕ್ ಹಚ್ಚಿದೆ.

ಎಲ್ಲಿ ಹಳತು ಮಾಡಬೇಕು ಅನ್ನುವುದರಲ್ಲಿ ನನಗೆ ಒಂದು ಅಭಿಪ್ರಾಯ ಇದೆ. ಸುಮ್ನೆ ಎಲ್ಲ ಕಡೆ ಕೊಳೆ ಬಳಿದರೆ ಅದು ಹಳೆಯ ಕಟ್ಟಡ ಆಗುವುದಿಲ್ಲ, ಗಲೀಜು ಕಟ್ಟಡ ಆಗುತ್ತದೆ. ಮರದ ಗೋಡೆ ಹೇಗೆ ಹಳತಾಗುತ್ತದೆ ಅಂತ ನೋಡಬೇಕು. ಸೂರಿನ ನೆರಳಲ್ಲಿ ಬಣ್ಣ ವರ್ಷಗಟ್ಟಲೆ ಹೊಸದಾಗಿಯೇ ಇರುತ್ತದೆ. ನೆಲದಿಂದ ಒಂದೆರಡು ಅಡಿಯವರೆಗೆ ಮಳೆ ನೀರು ಚಿಮ್ಮಿ ಮಣ್ಣಿನ ಬಣ್ಣ ಹತ್ತುತ್ತದೆ. ನಮ್ಮ ಅಳತೆಯಲ್ಲಿ ಅದು ಐದಾರು ಮಿಲಿಮೀಟರ್ ಅಷ್ಟೇ. ಈ ದೇಶದಲ್ಲಿ ದಕ್ಷಿಣದ ಗೋಡೆಗೆ ಬಿಸಿಲು ಜಾಸ್ತಿ, ಅಲ್ಲಿ ಬಣ್ಣ ಮಾಸುತ್ತದೆ. ಬಾಗಿಲ ಹಿಡಿಯ ಸುತ್ತ ಕೈಯ ಜಿಡ್ಡು. ಸರಕಿನ ಬಾಗಿಲಿನ ಕೆಳ ಅಂಚಿಗೆ ಪೆಟ್ಟಿಗೆ ತಾಗಿ ಬಣ್ಣ ಕಿತ್ತಿರುತ್ತದೆ. ಒಣ ಕುಂಚದ ತುದಿಯಲ್ಲಿ ಬಣ್ಣ ಇದೆಯೋ ಇಲ್ಲವೋ ಅನ್ನುವಷ್ಟು ತೆಗೆದುಕೊಂಡು ಇಷ್ಟು ಜಾಗಕ್ಕೆ ಮಾತ್ರ ಮುಟ್ಟಿಸಿದೆ. ಇಂಕ್ ಕೂಡ ಒಂದು ಕೈಗಿಂತ ಜಾಸ್ತಿ ಹಾಯಿಸಲಿಲ್ಲ.

ಬೆಲೆ ನಮಗೆ ಬಿದ್ದದ್ದು 60 ಡಾಲರ್. ಬಣ್ಣ, ಅಂಟು, ಅರಗು, ಬ್ಲೇಡು ಇದರಲ್ಲಿ ಬರುವುದಿಲ್ಲ. ಮರದ ಗುಣಮಟ್ಟ, ಕಿಟಕಿಗಳ ಕೆಲಸ ನೋಡಿದರೆ ಬೆಲೆ ನ್ಯಾಯವಾಗಿದೆ ಅನ್ನಿಸಿತು. ಹನ್ನೆರಡು ಹದಿಮೂರು ದಾಟಿದ ಮಕ್ಕಳು ದೊಡ್ಡವರ ಜೊತೆ ಕೂತು ಖಂಡಿತ ಮಾಡಬಹುದು. ಇನ್ನೂ ಚಿಕ್ಕವರಾದರೆ ಬಣ್ಣದ ಕೆಲಸ ಕೊಡಿ, ಬ್ಲೇಡ್ ಕೊಡಬೇಡಿ. ಹಾಳೆಯಲ್ಲಿ ತುಂಡುಗಳನ್ನು ಹಿಡಿದಿರುವ ಸಣ್ಣ ಕೊಂಡಿಗಳನ್ನು ತಿರುಚಿ ಮುರಿಯದೆ, ಮುಖದ ಕಡೆಯಿಂದ ಹೊಸ ಬ್ಲೇಡಿನಲ್ಲಿ ಕತ್ತರಿಸುವುದನ್ನು ಅವರಿಗೆ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ.

ಊರಿಂದ ಓದುತ್ತಿರುವವರು ಇಲ್ಲಿಂದ ತರಿಸಲು ಹೋದರೆ ಸಾಗಣೆ, ಸುಂಕ ಸೇರಿ ದುಬಾರಿ ಆಗುತ್ತದೆ. ನಮ್ಮಲ್ಲಿ ಲೇಸರ್‌ನಲ್ಲಿ ಕತ್ತರಿಸಿದ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಮನೆಗಳ ಕಿಟ್ ಸಿಗುತ್ತವೆ. ಎಂಡಿಎಫ್‌ಗೆ ಎಳೆ ಇಲ್ಲ, ಹಾಗಾಗಿ ಮರದಷ್ಟು ಸೊಟ್ಟಗಾಗುವುದಿಲ್ಲ. ಆದರೆ ಅಂಚು ನೀರನ್ನು ಹೀರಿ ಉಬ್ಬುತ್ತದೆ, ಬಣ್ಣವನ್ನೂ ಕುಡಿದುಬಿಡುತ್ತದೆ. ಅಂಟು ಹತ್ತಬೇಕಾಗಿಲ್ಲದ ಅಂಚಿಗೆಲ್ಲ ಎರಡು ಕೈ ಅರಗು ಬಳಿದು, ಉಜ್ಜಿ, ಆಮೇಲೆ ಬಣ್ಣ ಹಾಕಿ. ಹಾರ್ಡ್‌ವೇರ್ ಅಂಗಡಿಗಳಲ್ಲಿ, ಬಣ್ಣದ ಅಂಗಡಿಗಳಲ್ಲಿ ಅರಗು, ಸ್ಪಿರಿಟ್ ಎರಡೂ ಸುಲಭವಾಗಿ ಸಿಗುತ್ತವೆ. ಪಾಲಿಶ್ ಮಾಡುವವರನ್ನು ಕೇಳಿದರೆ ಹದ ಕೂಡ ಹೇಳಿಕೊಡುತ್ತಾರೆ.

ಅಳಿಯ ಇದೇ ಕಂಪನಿಯ ಸರಕು ಗೋದಾಮಿನ ಕಿಟ್‌ಗೂ ಹೇಳಿದ್ದಾನೆ. ಚಿತ್ರದಲ್ಲಿ ನೋಡಿದೆ, ಅದರ ಗೋಡೆಯ ಹಲಗೆಗಳು ಮಲಗಿಲ್ಲ, ನಿಂತಿವೆ. ಅದನ್ನು ಕೊಳ್ಳುವವರು ಆಸರೆ ಕಡ್ಡಿಗಳನ್ನು ಅಡ್ಡಕ್ಕೆ ಮಲಗಿಸಿ ಅಂಟಿಸಿ.